ಎಲ್ವಾ ಎಣಿಸಿದ ಅರವತ್ತಮೂರು ಚೌಕ

ಎಲ್ವಾ ಟ್ರೆಗೋನಿಂಗ್ ಮತ ಹಾಕಲು ಬಂದಳೆಂದರೆ ನಾನು ಮೊದಲು ಗಡಿಯಾರ ನೋಡಿಕೊಳ್ಳುತ್ತಿದ್ದೆ. ನಮ್ಮ ಕುರಾಬಿನ್ ಊರಿನಲ್ಲಿ ಮತ ಹಾಕುವುದೆಂದರೆ ಎರಡು ನಿಮಿಷದ ಕೆಲಸ. ಶಾಲೆಯವರು ಊರಿನ ಸಭಾಂಗಣ, ಕುರಾಬಿನ್ ಹಾಲ್‌ನ ಮುಂದೆ ಸಾಸೇಜು ಸುಡುತ್ತಿರುತ್ತಾರೆ. ಈರುಳ್ಳಿ ಬೇಯುವುದರೊಳಗೆ ಒಳಗೆ ಹೋಗಿ, ಗುರುತು ಹಾಕಿ, ಪೆಟ್ಟಿಗೆಗೆ ತುರುಕಿ, ಬ್ರೆಡ್ಡು ಕೈಗೆತ್ತಿಕೊಳ್ಳಬಹುದು. ಎಲ್ವಾಗೆ ಮಾತ್ರ ನಲವತ್ತು ನಿಮಿಷ ಬೇಕು. ಒಂದು ಸಲ ಐವತ್ತೆರಡು ನಿಮಿಷ ತೆಗೆದುಕೊಂಡಳು. ನನಗೆ ಮೈಯೆಲ್ಲ ಉರಿದುಹೋಗಿತ್ತು.

"ಏನಮ್ಮ ಎಲ್ವಾ, ಒಳಗೇ ಒಂದು ಹಾಸಿಗೆ ಹಾಕಿಸ್ಲಾ?" ಎಂದು ಕೂಗಿದೆ.

"ಹಾಕ್ಸಪ್ಪಾ, ದಿಂಬು ಮೆತ್ತಗಿರ್ಲಿ," ಎಂದಳು ರಟ್ಟಿನ ಮರೆಯೊಳಗಿಂದ, ಪೆನ್ಸಿಲ್ ಎತ್ತದೆ.

ನಾನು ಡೆಸ್ ರಾಡಿಚ್. ಶಾಲೆಯ ಬಸ್ಸು ಓಡಿಸುತ್ತೇನೆ. ಚುನಾವಣೆಯ ದಿನ ಮಾತ್ರ ನಮ್ಮ ಹಾಲ್‌ನ ಮತಗಟ್ಟೆಗೆ ಅಧಿಕಾರಿ. ತಾಳ್ಮೆ ಕಡಿಮೆ ಎಂದು ಊರೇ ಹೇಳುತ್ತದೆ, ಸುಳ್ಳಲ್ಲ. ಮತ ಹಾಕುವುದರಲ್ಲೂ ನನ್ನದು ಅದೇ ಬುದ್ಧಿ. ಮೇಲ್ಮನೆಯ ಕಾಗದ ಊಟದ ಮೇಜಿಗೆ ಹಾಸುವಷ್ಟು ಅಗಲ. ಅದರ ನಡುವೆ ಒಂದು ದಪ್ಪ ಕರಿ ಗೆರೆ. ಗೆರೆಯ ಮೇಲೆ ಪಕ್ಷಗಳ ಚೌಕ. ಅಲ್ಲಿ ಒಂದಕ್ಕೆ '೧' ಎಂದು ಹಾಕಿದರೆ ಮುಗಿಯಿತು, ಉಳಿದದ್ದನ್ನು ಪಕ್ಷದವರೇ ನೋಡಿಕೊಳ್ಳುತ್ತಾರೆ. ಗೆರೆಯ ಕೆಳಗೆ ನಿಂತಿರುವ ಒಬ್ಬೊಬ್ಬರ ಹೆಸರಿಗೂ ಒಂದೊಂದು ಚೌಕ. ಪೆನ್ಸಿಲ್ಲನ್ನು ಗೆರೆಯ ಕೆಳಗೆ ಇಳಿಸಿದೆಯೋ, ಹೆಚ್ಚು ಬೇಕಾದವರಿಗೆ ಒಂದು, ಆಮೇಲಿನವರಿಗೆ ಎರಡು ಎಂದು ಕೊನೆಯವರೆಗೆ ಎಲ್ಲ ಚೌಕವನ್ನೂ ತುಂಬಲೇಬೇಕು. ಒಂದು ಅಂಕಿ ಎರಡು ಸಲ ಬಂದರೆ ಕಾಗದವೇ ಕಸ. ನಾನು ಯಾವತ್ತೂ ಗೆರೆಯ ಮೇಲಿನವನು. ಎಲ್ವಾ ಒಂಬತ್ತು ಚುನಾವಣೆಗೂ ಗೆರೆಯ ಕೆಳಗಿನವಳು.

ಆ ಕಾಗದದ ತಲೆಯ ಮೇಲೆ ಅಚ್ಚಾಗುತ್ತಿದ್ದ ಹೆಸರು 'ಗಣಿ ಮತ್ತು ಹುಲ್ಲುಗಾವಲು ಪ್ರಾಂತ'. ನಮ್ಮ ಊರಿಂದ ಹೊರಟು ಮೂರು ಹಗಲು ಕಾರು ಓಡಿಸಿ, ಕೆಂಪು ಮಣ್ಣೆಲ್ಲ ಮುಗಿದು ಮೊಸಳೆ ಇರುವ ಹೊಳೆ ಬಂದ ಮೇಲೆ ಇಳಿದು ಕಾಲು ಚಾಚಿದರೂ ಅದೇ ಪ್ರಾಂತ. ಅಷ್ಟಕ್ಕೂ ಸೇರಿ ರಾಜಧಾನಿ ಪರ್ತಿನ ಮೇಲ್ಮನೆಗೆ ಆರು ಜನ. ಈಗ ಆ ಪ್ರಾಂತವೇ ಇಲ್ಲ. ಇಡೀ ರಾಜ್ಯಕ್ಕೆ ಒಂದೇ ಕಾಗದ ಮಾಡಿದ್ದಾರೆ. ಎಲ್ವಾ ಕೂಡ ಇಲ್ಲ. ಅವಳು ಕೊನೆಯ ಸಲ ಮತ ಹಾಕಿದ ದಿನ ನಾನು ಅವಳ ಪಕ್ಕದಲ್ಲಿ ಕೂತಿದ್ದೆ, ಆದ್ದರಿಂದ ಇದನ್ನು ನಾನೇ ಬರೆಯಬೇಕು.

ಎಲ್ವಾ ಹುಟ್ಟಿದ್ದು ಗಣಿಗಳಿಗೆ ಸೌದೆ ಸಾಗಿಸುವ ರೈಲಿನ ಕ್ಯಾಂಪಿನಲ್ಲಿ. ಮರ ಕಡಿದು ಮುಗಿದಂತೆ ಕ್ಯಾಂಪು ಮುಂದಕ್ಕೆ ಹೋಗುತ್ತಿತ್ತು, ಮನೆಯನ್ನೂ ರೈಲಿಗೆ ಹೇರುತ್ತಿದ್ದರು. ಹನ್ನೊಂದನೇ ವಯಸ್ಸಿನವರೆಗೆ ತನಗೆ ಊರು ಎಂಬುದೇ ಇರಲಿಲ್ಲ ಎನ್ನುತ್ತಿದ್ದಳು. ಇಪ್ಪತ್ತಕ್ಕೆ ಕ್ಲೆಮ್ ಟ್ರೆಗೋನಿಂಗನನ್ನು ಮದುವೆಯಾಗಿ ಕುರಾಬಿನ್‌ಗೆ ಬಂದಳು. ಊರಿನ ಅಂಚೆ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತಳು. ಕ್ಲೆಮ್ ನಮ್ಮ ಊರಿಂದ ಹೆದ್ದಾರಿಗೆ ಹೋಗುವ ತೊಂಬತ್ತು ಕಿಲೋಮೀಟರ್ ಮಣ್ಣಿನ ರಸ್ತೆಯನ್ನು ಗ್ರೇಡರಿನಿಂದ ಕೆರೆದು ಮಟ್ಟ ಮಾಡುವವನು. ಈ ತುದಿಯಿಂದ ಆ ತುದಿ ಮುಟ್ಟುವುದರೊಳಗೆ ಹಿಂದಿನದು ಹಾಳಾಗಿರುತ್ತಿತ್ತು. ರಜೆ ಬಂದಾಗ ಎಲ್ವಾ ಗ್ರೇಡರಿನಲ್ಲಿ ಅವನ ಪಕ್ಕ ಕೂತು ಆ ರಸ್ತೆಯನ್ನು ನಡಿಗೆಯ ವೇಗದಲ್ಲಿ ನೋಡಿದವಳು.

ಎಂಬತ್ತೊಂಬತ್ತನೇ ಇಸವಿಯಲ್ಲಿ, ಈ ಪ್ರಾಂತದ ಲೆಕ್ಕ ಶುರುವಾದ ಮೊದಲ ಚುನಾವಣೆಯಲ್ಲಿ, ಕ್ಲೆಮ್ ಮೇಲ್ಮನೆಗೆ ನಿಂತ. ಪಕ್ಷವಿಲ್ಲ, ಜೊತೆಯಿಲ್ಲ. ಅವನದು ಒಂದೇ ಮಾತು, ಆ ರಸ್ತೆಗೆ ಟಾರು ಹಾಕಿ. ಟಾರು ಬಿದ್ದರೆ ಗ್ರೇಡರಿನವನಿಗೆ ಕೆಲಸವೇ ಇರುವುದಿಲ್ಲ. "ತನ್ನ ಕಾಲಿಗೆ ತಾನೇ ಕೊಡಲಿ ಹಾಕ್ಕೊಳ್ಳೋಕೆ ಪರ್ತಿಗೆ ಹೋಗ್ತಾನಂತೆ," ಎಂದು ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಪಕ್ಷವಿಲ್ಲದವರ ಹೆಸರು ಕಾಗದದ ಬಲತುದಿಯ ಕಟ್ಟಕಡೆಗೆ ಬರುತ್ತದೆ. ಅವರಿಗೆ ಗೆರೆಯ ಮೇಲೆ ಚೌಕವಿಲ್ಲ. ಕ್ಲೆಮ್‌ಗೆ '೧' ಕೊಡಬೇಕೆಂದರೆ ಕೆಳಗಿನ ಇಪ್ಪತ್ತೊಂದು ಚೌಕವನ್ನೂ ತುಂಬಬೇಕಿತ್ತು.

ಇಡೀ ಪ್ರಾಂತದಲ್ಲಿ ಅವನಿಗೆ ಬಿದ್ದದ್ದು ನಲವತ್ತಮೂರು. ನಾನು ಹಾಕಿರಲಿಲ್ಲ, ಹೇಳಿಕೊಳ್ಳಲು ಈಗ ನಾಚಿಕೆ. ಕ್ಲೆಮ್ ನಕ್ಕು ಮರುದಿನವೇ ಗ್ರೇಡರ್ ಹತ್ತಿದ. ಎಲ್ವಾ ಮಾತ್ರ ಯಾವ ಮತಗಟ್ಟೆಯಲ್ಲಿ ಎಷ್ಟು ಬಿತ್ತೆಂಬ ಪಟ್ಟಿ ಅಂಚೆಯಲ್ಲಿ ಬಂದಾಗ ಕೌಂಟರಿನ ಮೇಲೆ ಹರವಿಕೊಂಡು ಕೂತಳು. ನಲವತ್ತೆರಡು ಮತ ನಮ್ಮ ರಸ್ತೆಯ ಆಚೀಚೆ ಬಿದ್ದದ್ದು. ಯಾರು ಯಾರೆಂದು ಅವಳಿಗೆ ಗೊತ್ತು. ಒಂದು ಮಾತ್ರ ಮೂರು ಹಗಲಿನ ದಾರಿಯಾಚೆ, ಉತ್ತರದ ತುದಿಯ ಒಂದು ಮತಗಟ್ಟೆಯಲ್ಲಿ ಬಿದ್ದಿತ್ತು. ಕ್ಲೆಮ್ ಆ ಊರನ್ನು ಕಂಡವನಲ್ಲ. ಅಲ್ಲಿ ಅವರಿಗೆ ನೆಂಟರಿಲ್ಲ, ಪರಿಚಯದವರಿಲ್ಲ.

"ಯಾರೋ ತಪ್ಪಿ ಹಾಕಿರ್ತಾರೆ ಬಿಡು," ಎಂದೆ, ಸ್ಟಾಂಪು ಕೊಳ್ಳಲು ಹೋದವನು.

"ಇಪ್ಪತ್ತೊಂದು ಚೌಕ ತಪ್ಪಿ ತುಂಬೋಕಾಗುತ್ತೇನೋ? ಯಾರೋ ಒಬ್ಬರು ಕಾಗದ ಪೂರ್ತಿ ಓದಿದಾರೆ ಕಣೋ ಡೆಸ್. ಕೊನೇವರೆಗೂ ಓದಿದಾರೆ," ಎಂದಳು. ಅವಳ ಮುಖ ಆಗ ಹೇಗಿತ್ತೆಂದರೆ ನಾನು ಸ್ಟಾಂಪು ತೆಗೆದುಕೊಂಡು ಹೊರಟುಬಂದೆ. ಆ ಮತಗಟ್ಟೆಯ ವಿಳಾಸಕ್ಕೆ, 'ಕ್ಲೆಮ್ ಟ್ರೆಗೋನಿಂಗ್‌ಗೆ ಮತ ಕೊಟ್ಟ ಒಬ್ಬರಿಗೆ' ಎಂದು ಬರೆದು ಅವಳು ಒಂದು ಪತ್ರ ಹಾಕಿದಳಂತೆ. ಉತ್ತರ ಬರಲಿಲ್ಲ, ಪತ್ರ ವಾಪಸ್ಸೂ ಬರಲಿಲ್ಲ.

ಅಲ್ಲಿಂದ ಶುರುವಾಯಿತು ಅವಳ ಈ ಕೆಲಸ. ಪ್ರತಿ ಚುನಾವಣೆಗೂ ನಮ್ಮ ಪ್ರಾಂತಕ್ಕೆ ನಿಂತ ಪ್ರತಿಯೊಬ್ಬರಿಗೂ ಕೈಬರಹದಲ್ಲಿ ಒಂದೇ ಪ್ರಶ್ನೆ ಬರೆಯುತ್ತಿದ್ದಳು, 'ನಮ್ಮ ರಸ್ತೆಯಲ್ಲಿ ನೀವು ಯಾವಾಗ ಬಂದಿದ್ದಿರಿ?' ಬಂದ ಉತ್ತರ, ಬಾರದ ಉತ್ತರ ಎರಡನ್ನೂ ನೋಡಿ ಸಾಲು ಕಟ್ಟುತ್ತಿದ್ದಳು. ಕ್ಲೆಮ್ ತೊಂಬತ್ತೇಳರಲ್ಲಿ ತೀರಿಹೋದ. ರಸ್ತೆಗೆ ಟಾರು ಇವತ್ತಿಗೂ ನಲವತ್ತು ಕಿಲೋಮೀಟರಿಗೆ ನಿಂತಿದೆ. ಎಲ್ವಾ ಬರೆಯುವುದನ್ನು ನಿಲ್ಲಿಸಲಿಲ್ಲ.

ಆ ಕೊನೆಯ ಚುನಾವಣೆಯ ಹೊತ್ತಿಗೆ ಅವಳಿಗೆ ಎಂಬತ್ತೊಂದು. ದೃಷ್ಟಿಯ ನಡುಭಾಗ ಪೂರ್ತಿ ಹೋಗಿತ್ತು. ಅಂಚಿನಲ್ಲಿ ಸ್ವಲ್ಪ ಬೆಳಕು, ಯಾರೋ ಓಡಾಡಿದ ನೆರಳು, ಅಷ್ಟೇ. ಪತ್ರ ಬರೆಯಲಾಗದೆ ಎಲ್ಲರಿಗೂ ಫೋನು ಮಾಡಿದ್ದಳು. ಅರವತ್ತಮೂರು ಜನಕ್ಕೆ. ನಂಬರು ಒತ್ತಿಕೊಟ್ಟವಳು ಪೆಟ್ರೋಲು, ಊಟ ಎರಡೂ ಸಿಗುವ ರೋಡ್‌ಹೌಸಿನ ಮರ್ನಾ. ಈಗ ಅಂಚೆಯೂ ಅವಳ ಕೈಯಲ್ಲೇ, ಮತಗಟ್ಟೆಯಲ್ಲಿ ನನಗೆ ಗುಮಾಸ್ತೆಯೂ ಅವಳೇ.

ಶನಿವಾರ ಸಂಜೆ ಐದಕ್ಕೆ ಎಲ್ವಾ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಆರಕ್ಕೆ ಬಾಗಿಲು ಹಾಕಬೇಕು. ಹಾಲ್ ಖಾಲಿ, ಸಾಸೇಜಿನವರು ಒಲೆ ತೊಳೆಯುತ್ತಿದ್ದರು. ನಮ್ಮೂರಿಗೆ ಪಕ್ಷಗಳ ಕಡೆಯವರು ಯಾರೂ ಬರುವುದಿಲ್ಲ. ಬರಬೇಕಾದರೆ ಆ ರಸ್ತೆಯಲ್ಲಿ ಬರಬೇಕಲ್ಲ.

"ಬರೆಯೋಕೆ ಒಂದು ಕೈ ಬೇಕು. ನಿಂದೇ ಆಗ್ಬಹುದಾ?" ಎಂದು ಕೇಳಿದಳು.

ಕಣ್ಣು ಕಾಣದವರು ಕೇಳಿದರೆ ಅಧಿಕಾರಿ ಬರೆದುಕೊಡಬೇಕು, ಅದು ನಿಯಮ. ನನಗೆ ಒಳಗೊಳಗೇ ಖುಷಿಯಾಯಿತು. ಇವತ್ತಾದರೂ ಎರಡು ನಿಮಿಷದಲ್ಲಿ ಮುಗಿಸುತ್ತಾಳೆ ಎಂದುಕೊಂಡೆ.

"ಗೆರೆ ಮೇಲೆ ಒಂದು ಹಾಕಿಬಿಡ್ಲಾ? ಯಾವ ಪಕ್ಷ ಹೇಳು," ಎಂದೆ.

"ಕೆಳಗೆ ಇಳಿಯಪ್ಪಾ," ಎಂದಳು ಕುರ್ಚಿ ಎಳೆದುಕೊಂಡು. "ಅರವತ್ತಮೂರರಿಂದ ಶುರು ಮಾಡೋಣ."

"ಒಂದರಿಂದ ಅಲ್ವಾ?"

"ನಾನು ಯಾವಾಗ್ಲೂ ಹೆದ್ದಾರಿಯಿಂದ ಮನೆ ಕಡೆ ಬರೋದು ಕಣೋ."

ನನಗೆ ಅರ್ಥವಾಗಲಿಲ್ಲ. ಅವಳು ಕಣ್ಣು ಮುಚ್ಚಿದಳು. ಒಂದು ಹೆಸರು ಹೇಳಿ, "ಇವನು ಹೆದ್ದಾರಿ ಫಲಕದ ಹತ್ರ. ಅರವತ್ತಮೂರು. ಹೋದ ಸಲ ಕ್ಯಾಲೆಂಡರ್ ಕಳಿಸಿದ್ದ, ಉತ್ತರ ಕಳಿಸ್ಲಿಲ್ಲ. ಅಲ್ಲೇ ಇರ್ಲಿ," ಎಂದಳು. ಆಮೇಲೆ ಇನ್ನೊಂದು ಹೆಸರು. "ಇವಳು ದನ ದಾಟದಂಗೆ ರಸ್ತೇಲಿ ಹೂತಿರೋ ಮೊದಲನೇ ಕಂಬಿ ದಾಟಿದ ಮೇಲೆ. ಅರವತ್ತೆರಡು." ಆಮೇಲೆ ಸುಟ್ಟ ಲಾರಿ. ಆಮೇಲೆ ಮೂರು ಬೇಲಿ ಕೂಡುವ ಜಾಗ. ಮುರಿದ ಗಾಳಿಯಂತ್ರ. ಕ್ಲೆಮ್ ಚಹಾ ಕುದಿಸುತ್ತಿದ್ದ ಮರ.

ಆಗ ಗೊತ್ತಾಯಿತು. ಅರವತ್ತಮೂರು ಜನರನ್ನೂ ಅವಳು ಆ ತೊಂಬತ್ತು ಕಿಲೋಮೀಟರಿನ ಮೇಲೆ ಒಬ್ಬೊಬ್ಬರನ್ನಾಗಿ ನಿಲ್ಲಿಸಿಕೊಂಡಿದ್ದಳು. ತಾನು ಗ್ರೇಡರಿನಲ್ಲಿ ಕೂತು ನೋಡಿದ ಪ್ರತಿ ತಿರುವಿನಲ್ಲಿ, ಪ್ರತಿ ಮೋರಿಯಲ್ಲಿ ಒಬ್ಬರು. ಮನೆಗೆ ದೂರವಾದಷ್ಟೂ ಬೇಡವಾದವರು, ಹತ್ತಿರವಾದಷ್ಟೂ ಬೇಕಾದವರು. ಬಸ್ಸಿನಲ್ಲಿ ಆ ರಸ್ತೆಯನ್ನು ಎಷ್ಟೋ ವರ್ಷದಿಂದ ನಾನೂ ಓಡಾಡಿದ್ದೇನೆ, ಗುಂಡಿ ಬಿಟ್ಟರೆ ನನಗೆ ಏನೂ ಕಂಡಿರಲಿಲ್ಲ. ಕಣ್ಣಿಲ್ಲದ ಮುದುಕಿ ಒಂದು ಕಲ್ಲೂ ತಪ್ಪದೆ ಬರುತ್ತಿದ್ದಳು.

ಪ್ರತಿಯೊಬ್ಬರ ಬಗ್ಗೆಯೂ ಅವಳಿಗೆ ಒಂದು ಮಾತಿತ್ತು. ಅವಳು ಯಾರಿಗೆ ಎಷ್ಟು ಕೊಟ್ಟಳೆಂದು ನಾನು ಹೇಳುವುದಿಲ್ಲ, ಪ್ರಮಾಣ ಮಾಡಿದ್ದೇನೆ. ಕಾಗದದ ಕಟ್ಟಕಡೆಯ ಹೆಸರು ಬಂದಾಗ ಅವಳು ಸ್ವಲ್ಪ ನಿಂತದ್ದು ಮಾತ್ರ ನೆನಪಿದೆ. ರೊವೆನಾ ಪಿಲ್ಚರ್. ಪಕ್ಷವಿಲ್ಲ. ಉತ್ತರದ ಒಂದು ಬಂದರಿನಲ್ಲಿ ಸೀಗಡಿ ದೋಣಿಗಳ ಬಲೆ ಹೊಲಿಯುವವಳು.

"ನಮ್ಮ ರಸ್ತೇಲಿ ಬಂದಿದ್ದೀಯಾ ಅಂದೆ. ಇಲ್ಲ, ಸುಳ್ಳು ಯಾಕೆ ಹೇಳ್ಲಿ ಅಂದ್ಲು. ಆಮೇಲೆ ಆ ರಸ್ತೆ ಹೇಗಿದೆ ಹೇಳಿ ಅಂತ ನನ್ನನ್ನೇ ಕೇಳಿದ್ಲು. ಅರ್ಧ ಗಂಟೆ ಕೇಳಿಸ್ಕೊಂಡ್ಲು. ಅವರೂರಲ್ಲಿ ಡಯಾಲಿಸಿಸ್ ಕುರ್ಚಿ ಎರಡೇ ಅಂತೆ, ಅದಕ್ಕೆ ನಿಂತಿರೋದು."

ಐದೂ ಮುಕ್ಕಾಲಿಗೆ ಅವಳು ಮನೆ ಮುಟ್ಟಿದಳು. "ಇವರು ನಮ್ಮ ಮನೆ ಬಾಗಿಲಲ್ಲಿ. ಒಂದು," ಎಂದು ಕಣ್ಣು ಬಿಟ್ಟಳು. ಮುಖ ಬೆವೆತಿತ್ತು. ಮರ್ನಾ ನೀರು ತಂದುಕೊಟ್ಟಳು. ಮಡಚುವ ಮುಂಚೆ ನಾನು ಒಮ್ಮೆ ಅಂಕಿಗಳ ಮೇಲೆ ಬೆರಳಾಡಿಸಿದೆ.

ನಲವತ್ತೊಂದು ಎರಡು ಸಲ ಇತ್ತು. ನಲವತ್ತು ಎಲ್ಲೂ ಇರಲಿಲ್ಲ.

ಯಾವಾಗ ತಪ್ಪಿದೆ? ಗಾಳಿಯಂತ್ರದ ಹತ್ತಿರ, ನೊಣ ಮೂಗಿನ ಮೇಲೆ ಕೂತಾಗ ಇರಬೇಕು. ಎರಡು ಹೆಸರಿನಲ್ಲಿ ಯಾರದು ನಲವತ್ತು, ಯಾರದು ನಲವತ್ತೊಂದು? ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಹಾಗೇ ಬಿಟ್ಟರೆ ಅವಳ ಮತ ಕಸಕ್ಕೆ. ಒಂದನ್ನು ತಿದ್ದಿದರೆ ನಡೆದುಹೋಗುತ್ತದೆ. ನಲವತ್ತಕ್ಕೂ ನಲವತ್ತೊಂದಕ್ಕೂ ಏನು ಮಹಾ ವ್ಯತ್ಯಾಸ? ಲೆಕ್ಕ ಅಲ್ಲಿಯವರೆಗೆ ಇಳಿಯುವುದು ಅಪರೂಪ. ಅವಳಿಗೆ ಕಾಣುವುದಿಲ್ಲ. ಮರ್ನಾ ಬೆನ್ನು ತಿರುಗಿಸಿದ್ದಾಳೆ. ನಿಜ ಹೇಳುತ್ತೇನೆ, ಪೆನ್ಸಿಲಿನ ಮೊನೆಯನ್ನು ಚೌಕದ ಮೇಲೆ ಇಟ್ಟೂ ಆಗಿತ್ತು.

ಆದರೆ ಎಲ್ವಾ ಕುರ್ಚಿಯಲ್ಲಿ ಒರಗಿ ಕೂತಿದ್ದಳು, ಕೆಲಸ ಮುಗಿಸಿದವರ ನೆಮ್ಮದಿಯಲ್ಲಿ. ಆ ಎರಡು ಹೆಸರಿನವರ ಜೊತೆ ಫೋನಿನಲ್ಲಿ ಮಾತಾಡಿ, ತೂಗಿ, ಒಬ್ಬರನ್ನು ಇನ್ನೊಬ್ಬರಿಗಿಂತ ಮನೆಗೆ ಒಂದು ಹೆಜ್ಜೆ ಹತ್ತಿರ ನಿಲ್ಲಿಸಿದ್ದಳು. ಆ ಒಂದು ಹೆಜ್ಜೆಯನ್ನು ನಾನು ಅಂದಾಜಿನಲ್ಲಿ ಹಾಕುವುದೆಂದರೆ ಏನು? ನನಗೆ ಹೆದರಿಕೆಯಾಯಿತು. ಅಷ್ಟು ವರ್ಷದ ಅಧಿಕಾರಿ ಕೆಲಸದಲ್ಲಿ ಮೊದಲ ಸಲ, ಒಂದು ಕಾಗದಕ್ಕೆ ಹೆದರಿದೆ.

"ಎಲ್ವಾ, ಹಾಳು ಮಾಡಿಬಿಟ್ಟೆ," ಎಂದೆ. "ನಲವತ್ತೊಂದು ಎರಡು ಸಲ ಬರೆದಿದೀನಿ."

ಅವಳು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. "ಹೊಸ ಕಾಗದ ಕೊಡು," ಎಂದಳು.

"ಪೂರ್ತಿ ಯಾಕೆ? ಅವೆರಡು ಯಾರ್ಯಾರದು ಹೇಳು, ತಿದ್ದಿಬಿಡ್ತೀನಿ."

"ತಿದ್ದಿದ್ದು ಪರ್ತಲ್ಲಿ ಕೂತೋರಿಗೆ ಹೇಗೆ ಕಾಣುತ್ತೋ. ಅನುಮಾನಕ್ಕೆ ಬಿಡಲ್ಲ ನಾನು. ಹೊಸದು ಕೊಡು."

"ಆರಾಗುತ್ತೆ."

"ಬಾಗಿಲು ಹಾಕೋ ಹೊತ್ತಿಗೆ ಒಳಗಿರೋರು ಹಾಕಬಹುದು. ನಿಯಮ ನಂಗೂ ಗೊತ್ತು ಕಣೋ."

ಮರ್ನಾ ಬಾಗಿಲು ಹಾಕಿದಳು. ನಾನು ಹಾಳಾದ ಕಾಗದದ ಮೇಲೆ ಅಡ್ಡಗೆರೆ ಎಳೆದು ಪಕ್ಕಕ್ಕಿಟ್ಟೆ. ಎಲ್ವಾ ನೀರು ಕುಡಿದು, ಮತ್ತೆ ಹೆದ್ದಾರಿಗೆ ಹೋಗಿ, ಮತ್ತೆ ಕಣ್ಣು ಮುಚ್ಚಿದಳು. ಫಲಕ. ದನದ ಕಂಬಿ. ಸುಟ್ಟ ಲಾರಿ. ಈ ಸಲ ನಾನು ಪ್ರತಿ ಅಂಕಿಯನ್ನೂ ಜೋರಾಗಿ ಹೇಳುತ್ತಾ ಬರೆದೆ. ನಡುವೆ ಕಳ್ಳನಂತೆ ಹಾಳಾದ ಕಾಗದದ ಕಡೆ ಕಣ್ಣು ಹಾಯಿಸುತ್ತಿದ್ದೆ. ದಣಿದಿದ್ದಾಳೆ, ಎಲ್ಲಾದರೂ ಒಂದೆರಡು ಹೆಸರು ಆಚೀಚೆ ಆಗಲೇಬೇಕು ಎಂದು ನನ್ನ ಲೆಕ್ಕ.

ಒಂದೂ ಬದಲಾಗಲಿಲ್ಲ. ಅರವತ್ತಮೂರೂ ಅದೇ ಜಾಗದಲ್ಲಿ ನಿಂತಿದ್ದರು. ಮಾತು ಕೂಡ ಅದೇ; ಕ್ಯಾಲೆಂಡರಿನವನಿಗೆ ಎರಡನೇ ಸಲವೂ ಅಷ್ಟೇ ಖಾರ. ನಾನು ಅಧಿಕಾರಿಯಾದ ಹದಿನೈದು ವರ್ಷವೂ ಈ ಹೆಂಗಸು ರಟ್ಟಿನ ಮರೆಯೊಳಗೆ ಇದನ್ನೇ ಮಾಡುತ್ತಿದ್ದಾಗ ನಾನು ಹೊರಗೆ ಗಡಿಯಾರ ನೋಡುತ್ತಾ ಹಾಸಿಗೆಯ ತಮಾಷೆ ಮಾಡಿದ್ದೆನಲ್ಲ ಎನಿಸಿತು.

ಅವಳು ಕಾಗದವನ್ನು ತಾನೇ ಮಡಚಿ, ಪೆಟ್ಟಿಗೆಯ ಬಾಯನ್ನು ಬೆರಳಿನಿಂದ ತಡಕಿ ಒಳಗೆ ಬಿಟ್ಟಳು.

"ಇನ್ನು ಪೆಟ್ಟಿಗೆ ತೆಗೆದು ಎಣಿಸೋಣ್ವಾ? ನನಗೆ ಹಸಿವು," ಎಂದಳು ಮರ್ನಾ.

"ನಂದು ಹಾಕಿಲ್ಲ," ಎಂದೆ. ನಾನು ಯಾವಾಗಲೂ ಕೊನೆಗೆ ಒಂದು ಗೀಚಿ ಮುಗಿಸುವವನು. ನನ್ನ ಕಾಗದ ತೆಗೆದುಕೊಂಡು ಮರೆಯೊಳಗೆ ಹೋದೆ. ಪೆನ್ಸಿಲ್ ಗೆರೆಯ ಮೇಲೆ ಹೋಗಲೇ ಇಲ್ಲ.

ಹತ್ತು ನಿಮಿಷವಾಯಿತು. "ಡೆಸ್, ಸತ್ತೆಯೋ ಇದ್ದೀಯೋ?" ಎಂದು ಮರ್ನಾ ಕೂಗಿದಳು. ಇಪ್ಪತ್ತಾಯಿತು. "ಅಯ್ಯೋ ದೇವರೇ, ನೀನೂನಾ!" ಬಾಗಿಲ ಬಳಿಯ ಬೆಂಚಿನಲ್ಲಿ ಎಲ್ವಾ ಕೂತಿದ್ದಳು, ನಾನೇ ಅವಳನ್ನು ಮನೆಗೆ ಬಿಡಬೇಕಿತ್ತು. "ದಿಂಬು ಕೊಡ್ರೇ ಅವನಿಗೆ," ಎಂದಳು.

ಒಂದೂವರೆ ತಿಂಗಳ ಮೇಲೆ ಮರ್ನಾ ಒಂದು ಲಕೋಟೆ ಹಿಡಿದುಕೊಂಡು ಬಸ್ಸಿನ ಹತ್ತಿರ ಬಂದಳು. ಮೇಲೆ ನೀಲಿ ಶಾಯಿಯಲ್ಲಿ ಬರೆದಿತ್ತು, 'ರೊವೆನಾ ಪಿಲ್ಚರ್‌ಗೆ ಮತ ಕೊಟ್ಟ ಒಬ್ಬರಿಗೆ, ಮತಗಟ್ಟೆ, ಕುರಾಬಿನ್ ಹಾಲ್.'

"ಇದು ಯಾರಿಗೆ ಕೊಡ್ಲಿ? ಗೆರೆ ಕೆಳಗೆ ಹೋಗೋರು ಊರಲ್ಲಿ ಒಬ್ಬರೇ ಅಂದ್ಕೊಂಡಿದ್ದೆ," ಎಂದು ನನ್ನ ಮುಖವನ್ನೇ ನೋಡಿದಳು. ನಾನು ಲಕೋಟೆ ತೆಗೆದುಕೊಂಡು ನೇರ ಎಲ್ವಾ ಮನೆಗೆ ಹೋದೆ.

ಅಡುಗೆಮನೆಯ ಮೇಜಿನ ಎದುರು ಕೂತು ಅವಳಿಗೆ ಓದಿ ಹೇಳಿದೆ. 'ನನಗೆ ಇಡೀ ಪ್ರಾಂತದಲ್ಲಿ ಬಿದ್ದದ್ದು ಎಪ್ಪತ್ತೊಂದು. ಎಪ್ಪತ್ತು ಜನ ಈ ಬಂದರಿನವರು, ನನಗೆ ಗೊತ್ತಿರುವವರು. ಉಳಿದ ಒಂದು ನಿಮ್ಮದು. ನಿಮ್ಮ ಊರನ್ನು ನಕ್ಷೆಯಲ್ಲಿ ಹುಡುಕಿದೆ. ನನ್ನ ಹೆಸರು ಕೊನೆಯಲ್ಲಿತ್ತು, ನನಗೆ ಒಂದು ಕೊಡಲು ನೀವು ಎಲ್ಲವನ್ನೂ ತುಂಬಿರಬೇಕು. ಹಾಗೆ ಕೂತು ತುಂಬಿದವರು ಯಾರು ಎಂದು ಬಲೆ ಹೊಲಿಯುವಾಗೆಲ್ಲ ಯೋಚಿಸುತ್ತೇನೆ. ಉತ್ತರ ಬರೆಯಬೇಕಾಗಿಲ್ಲ.'

ಎಲ್ವಾ ಕೈ ಚಾಚಿ ಪತ್ರವನ್ನು ತೆಗೆದುಕೊಂಡು, ಓದುವವರಂತೆ ಮುಖದ ಹತ್ತಿರ ಹಿಡಿದಳು. ಆಮೇಲೆ ಮಡಿಲಿನಲ್ಲಿಟ್ಟುಕೊಂಡಳು.

"ಆ ಒಂದು ನಂದಲ್ಲ ಅಂತ ನಿನಗೆ ಗೊತ್ತಲ್ಲ," ಎಂದಳು.

"ಮತ ಗುಟ್ಟಿನದು," ಎಂದೆ.

"ಗುಟ್ಟಂತೆ ಗುಟ್ಟು! ನನ್ನ ಅರವತ್ತಮೂರೂ ನಿನಗೆ ಗೊತ್ತು. ನಿಂದೊಂದು ನನಗೆ ಗೊತ್ತಾಗಬಾರದಾ?" ಎಂದು ನಕ್ಕಳು. ಆಮೇಲೆ ನಗು ನಿಂತಿತು. "ಉತ್ತರ ಬರಿ ಅವಳಿಗೆ."

"ಬೇಡ ಅಂದಿದಾಳಲ್ಲ."

"ನಾನೂ ಹಾಗೇ ಬರೆದಿದ್ದೆ ಕಣೋ, ಉತ್ತರ ಬೇಡ ಅಂತ. ಕೌಂಟರ್ ಬಿಡೋವರೆಗೂ ಅಂಚೆ ಚೀಲ ಸುರಿದಾಗಲೆಲ್ಲ ನೋಡಿದೆ. ಮೂವತ್ತೆರಡು ವರ್ಷ ಆಯ್ತು, ಇವತ್ತೂ ವ್ಯಾನಿನ ಸದ್ದು ಕೇಳಿದ್ರೆ ಕಿವಿ ಆ ಕಡೆಗೇ ಹೋಗುತ್ತೆ."

ಮೇಜಿನ ಡ್ರಾಯರಿನಲ್ಲಿ ಅವಳ ಹಳೆಯ ಬರೆಯುವ ಕಾಗದ, ಪೆನ್ನು ಇದ್ದವು. ಹರವಿಕೊಂಡು ಕೂತೆ. ಕುರಾಬಿನ್ ಎಂದು ಬರೆದೆ, ತಾರೀಖು ಹಾಕಿದೆ, ರೊವೆನಾಳ ಹೆಸರು ಬರೆದೆ. ಅಲ್ಲಿಗೆ ನಿಂತೆ. ಮೊದಲ ಸಾಲಿಗೆ ನನಗೆ ನಲವತ್ತು ನಿಮಿಷ ಹಿಡಿಯಿತು. ಎಲ್ವಾ ಎದುರಿಗೇ ಕೂತಿದ್ದಳು, ಒಂದು ಸಲವೂ ಹೊತ್ತು ಎಷ್ಟಾಯಿತೆಂದು ಕೇಳಲಿಲ್ಲ.